ವಹಿಯ ಬಲಗಡೆ

ನಮ್ಮ ಜೈನರ ಮನೆಗಳಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ವರ್ಷ ನಾನು ಎಷ್ಟೋ ಸಂಜೆ ರೊಟ್ಟಿ ಬುಟ್ಟಿಯ ಮುಚ್ಚಳ ತೆಗೆಯದೆಯೇ ಹಾಸಿಗೆ ಬಿಡಿಸಿದ್ದೇನೆ. ಅದಕ್ಕೆಲ್ಲ ಕಾರಣ ಒಬ್ಬಳ ನಾಲಿಗೆ.

ಸಾವಿರದ ಒಂಬೈನೂರ ಇಪ್ಪತ್ತೈದನೆಯ ಇಸವಿಯ ಆಚೆಈಚೆಯ ಮಾತು. ಬೆಳಗಾವಿಯ ಹೆಣ್ಣುಮಕ್ಕಳ ದವಾಖಾನೆಯೊಂದರಲ್ಲಿ ನಾನು ಹಿರಿಯ ಸೂಲಗಿತ್ತಿ. ಪರೀಕ್ಷೆ ಕೊಟ್ಟು ಪಾಸಾದವಳಾದ್ದರಿಂದ ಊರವರು ನರ್ಸಬಾಯಿ ಎನ್ನುತ್ತಿದ್ದರು, ಕಲಿಯಲು ಬಂದ ಹುಡುಗಿಯರು ‘ಬಾಯಾರ’ ಎನ್ನುತ್ತಿದ್ದರು. ಪುಸ್ತಕದ ಪಾಠ ಮುಗಿಸಿದ ಹುಡುಗಿಯರನ್ನು ಬಸುರಿಯರ ಮನೆಮನೆಗೆ ಕರೆದುಕೊಂಡು ಹೋಗಿ, ಅವರು ಕೆಲಸ ಮಾಡುವುದನ್ನು ಕೂತು ನೋಡುವುದು ನನ್ನ ಪಾಲಿಗೆ ಬಂದಿತ್ತು.

ನಮ್ಮ ಡಾಕ್ಟರಬಾಯಿಯವರದು ಒಂದು ಹಟ. ಹೊಟ್ಟೆ ಮುಟ್ಟಿ ನೋಡುವ ಮೊದಲು ಹೆಂಗಸಿನ ಮಾತು ಕೇಳಬೇಕು. ಅದಕ್ಕಾಗಿ ಒಬ್ಬೊಬ್ಬ ಹುಡುಗಿಗೂ ಒಂದೊಂದು ವಹಿ ಕೊಟ್ಟಿದ್ದರು. ಪುಟದ ನಡುವೆ ಉದ್ದಕ್ಕೆ ಒಂದು ಗೆರೆ. ಎಡಗಡೆ ಹುಡುಗಿ ಏನು ಕೇಳಿದಳು, ಬಲಗಡೆ ಹೆಂಗಸು ಏನು ಹೇಳಿದಳು, ಅದೂ ಆಕೆಯದೇ ಮಾತಿನಲ್ಲಿ. ಕೆಳಗೆ ನನ್ನ ಸಹಿ: ‘ನನ್ನ ಎದುರಿಗೆ, ಸರಿಯಾಗಿ ಆಯಿತು.’ ಇಂಥ ಆರು ಹೆಂಗಸರನ್ನು ಬಸುರಿನಿಂದ ಬಾಣಂತನದವರೆಗೆ ನೋಡಿಕೊಂಡು ಪುಟ ತುಂಬಿಸಿದರೆ ಪರೀಕ್ಷೆಗೆ ಕಳಿಸುವುದು. ನಾನು ಮಾತ್ರ ಅಲ್ಲಿ ಮೂರು ಮೊಳ ದೂರ ಗೋಡೆಗೆ ಆತು ಕೂತಿರಬೇಕು, ಬಾಯಿ ತೆರೆಯಬಾರದು. ಆ ಕಟ್ಟಳೆ ಮಾಡಿದವರನ್ನು ಒಂದೇ ಒಂದು ದಿನ ಆ ನಾಲಿಗೆಯ ಹುಡುಗಿಯ ಹಿಂದೆ ಕೂರಿಸಬೇಕಿತ್ತು.

ಆಕೆ ಖಾನಾಪುರದ ಸೊಸೆ. ಮದುವೆಯಾದ ಮೂರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡಿದ್ದಳು. ಇಪ್ಪತ್ತೆರಡರ ವಯಸ್ಸು, ಕನ್ನಡ ಮರಾಠಿ ಎರಡೂ ನೀರು ಕುಡಿದಂತೆ. ಪುಸ್ತಕದ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ. ಗಂಡನ ಅಣ್ಣ ಅವಳನ್ನು ಎರಡು ವರ್ಷದ ಮಾತಿಗೆ ಬಿಟ್ಟುಕೊಟ್ಟಿದ್ದ. ಅಷ್ಟರೊಳಗೆ ಪಾಸಾದರೆ ಅವಳ ದಾರಿ ಅವಳಿಗೆ. ಇಲ್ಲದಿದ್ದರೆ ಮರುಮಾತಿಲ್ಲದೆ ಮನೆಗೆ ಬಂದು ಒಲೆ ಮುಂದೆ ಕೂರಬೇಕು. ಹನ್ನೊಂದು ಜನರ ಅಡುಗೆ ಅದು. ಆರನೆಯ ಹೆಂಗಸಿನ ಸರದಿ ಬರುವ ಹೊತ್ತಿಗೆ ಎರಡು ವರ್ಷಕ್ಕೆ ಆರೇ ತಿಂಗಳು ಉಳಿದಿದ್ದವು.

ಇಷ್ಟೆಲ್ಲ ಗೊತ್ತಿದ್ದೂ ಹುಡುಗಿ ಒಂದು ಗಳಿಗೆ ಬಾಯಿ ಮುಚ್ಚುತ್ತಿರಲಿಲ್ಲ.

“ಹೊಟ್ಟಿ ಬಿಗಿತದೇನ್ರೀ? ಬಿಗಿದಿರಬೇಕು. ಎಂಟನೇ ತಿಂಗಳಾಗ ಬಿಗೀತದ. ಹೆದರಬ್ಯಾಡ್ರಿ. ನಿದ್ದಿ? ನಿದ್ದಿ ಬರೂದಿಲ್ಲ ನಿಮಗ, ನನಗ ಗೊತ್ತದ. ಎಡಕ್ಕ ಹೊಳ್ಳಿ ಮಲಗ್ರಿ, ಸಂಜೀಕ ಬ್ಯಾಳಿ ಉಣಬ್ಯಾಡ್ರಿ...”

ಎದುರಿಗೆ ಕೂತವಳು ಏನೋ ಹೇಳಲು ತುಟಿ ಬಿಚ್ಚಿದರೆ ಇವಳು ಅದನ್ನೂ ತಾನೇ ಹೇಳಿ ಮುಗಿಸುತ್ತಿದ್ದಳು. ಕಿಟಕಿಯ ಬಿಸಿಲು ನೆಲದಿಂದ ಗೋಡೆಗೆ ಏರಿ, ಗೋಡೆಯಿಂದ ಜಂತಿಗೆ ಏರಿ ಹೋಗುತ್ತಿತ್ತು. ನಾನು ಕೆಮ್ಮುತ್ತಿದ್ದೆ. ಕೆಮ್ಮಬಾರದೆಂದು ಕಟ್ಟಳೆ ಇರಲಿಲ್ಲ. ಆಕೆ ತಿರುಗಿ ನೋಡಿ, “ಬಾಯಾರಿಗೆ ಒಂಚೂರು ಬಿಸಿನೀರು ಕೊಡ್ರಿ” ಎಂದು ಮನೆಯವರಿಗೆ ಹೇಳಿ ಮತ್ತೆ ಶುರುಮಾಡುತ್ತಿದ್ದಳು.

ದಾರಿಯಲ್ಲಿ ಬೈಯುತ್ತಿದ್ದೆ. “ಕೇಳಾಕ ಹೋದಾಕಿ ನೀ. ಹೇಳಾಕ ಅಲ್ಲ.”

“ಕೇಳಿದೆನಲ್ರಿ ಬಾಯಾರ.”

“ಕೇಳಿದಿ. ಉತ್ತರಾನೂ ನೀನ ಕೊಟ್ಟಿ. ಆಕಿ ಯಾಕ ಬೇಕಾಗಿದ್ಲು ಅಲ್ಲೆ?”

“ಆಕಿಗೆ ತಿಳೀದಿದ್ರ ನಾವರ ಹೇಳಬಾರದೇನ್ರಿ?”

ವಹಿ ನೋಡಿದರೆ ಎಡಗಡೆ ಅಂಚಿನವರೆಗೂ ಇರುವೆ ಹರಿದಂತೆ ಅಕ್ಷರ, ಬಲಗಡೆ ಹೊಲದಲ್ಲಿ ಒಂದೇ ಗಿಡ ನಿಂತಂತೆ: ‘ಹೂಂ ಅಂದಳು.’ ಐದು ಹೆಂಗಸರು ಹೀಗೇ ಮುಗಿದರು. ಹೆರಿಗೆಗಳೇನೋ ಕೆಡಲಿಲ್ಲ, ಕೈ ಚೊಕ್ಕ ಅವಳದು. ಆ ಕೈ ನೋಡಿಯೇ ನಾನು ಮನಸ್ಸಿಲ್ಲದ ಮನಸ್ಸಿನಿಂದ ಸಹಿ ಹಾಕಿದ್ದೆ. ಅದು ನನ್ನ ತಪ್ಪು. ಡಾಕ್ಟರಬಾಯಿ ವಹಿ ತಿರುವಿ ಹಾಕಿ ಇಬ್ಬರನ್ನೂ ನಿಲ್ಲಿಸಿಕೊಂಡರು.

“ಐದು ಮಂದಿ ಹೂಂ ಅಂದಾರ. ಆರನೇದಾಕಿನೂ ಹೂಂ ಅಂದ್ರ ಪರೀಕ್ಷಾಕ್ಕ ನಿನ್ನ ಹೆಸರು ಕಳಸೂದಿಲ್ಲ. ಬಾಯಾರ, ನಿಮ್ಮ ಸಹೀನೂ ಹಗುರಾಗೇತಿ. ನೋಡಿ ಹಾಕ್ರಿ.”

ಮಧ್ಯವಯಸ್ಸಿನಲ್ಲಿ, ಇಪ್ಪತ್ತು ವರ್ಷದ ಕೆಲಸದ ಮೇಲೆ, ಒಬ್ಬಳ ನಾಲಿಗೆಯಿಂದಾಗಿ ನಾನು ಆ ಮಾತು ಕೇಳಬೇಕಾಯಿತು.

ಆರನೆಯವಳು ಬೆಳಗಾವಿಯ ಕುಂಬಾರರ ಮನೆಯ ಸೊಸೆ, ಚೊಚ್ಚಲ ಬಸುರಿ. ಅಲ್ಲಿ ಇನ್ನೊಂದು ಪೀಡೆ. ಆಕೆಯ ಅತ್ತೆ ಹೊಸ್ತಿಲ ಮೇಲೆ ಕಾಲು ಚಾಚಿ ಕೂತು, “ಆಕೀಗೇನ ಗೊತ್ತರಿ, ನನ್ನ ಕೇಳ್ರಿ” ಎಂದಳು. ನಮ್ಮವಳು ಒಂದು ಪ್ರಶ್ನೆ ಕೇಳಿದರೆ ಅತ್ತೆ ಎರಡು ಉತ್ತರ ಕೊಡುವಳು, ಆ ಎರಡಕ್ಕೂ ನಮ್ಮವಳು ನಾಲ್ಕು ಬುದ್ಧಿ ಹೇಳುವಳು. ಸಂತೆಯಲ್ಲಿ ಇಬ್ಬರು ಬಳೆಗಾರ್ತಿಯರು ಎದುರುಬದುರು ಕೂತಂತೆ. ನಡುವೆ ಸೊಸೆ ಒಮ್ಮೆ, “ನನಗ ತಲಿ ತಿರಗತದ್ರಿ” ಎಂದಳು. ಎರಡೂ ಕಡೆಯಿಂದ ಒಂದೇ ಸಲ ಉತ್ತರ ಬಂತು. ಒಬ್ಬಳು ಪಿತ್ತ ಎಂದಳು, ಇನ್ನೊಬ್ಬಳು ರಕ್ತ ಕಡಿಮೆ ಎಂದಳು. ಆ ಹೆಣ್ಣು ಮತ್ತೆ ಬಾಯಿ ಬಿಡಲಿಲ್ಲ. ಅಂದೂ ನಾನು ಮನೆ ಮುಟ್ಟುವಾಗ ದೀಪ ಹಚ್ಚಿಯಾಗಿತ್ತು.

ಎರಡನೆಯ ಸಲ ಹೋದರೆ ಸೊಸೆಯೇ ಇಲ್ಲ. ಸೀಮಂತದ ಕುಬಸ ಮಾಡಿ ತವರಿಗೆ ಕಳಿಸಿಬಿಟ್ಟಿದ್ದರು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕಲ್ಲ. ನಮ್ಮ ಕಟ್ಟಳೆ ಬರೆದವರು ಅದನ್ನು ಮರೆತಿದ್ದರು. ಶುರುಮಾಡಿದ ಹೆಂಗಸನ್ನೇ ಕೊನೆಯವರೆಗೆ ನೋಡಬೇಕು ಎಂದು ಬರೆದು ಕೈತೊಳೆದುಕೊಂಡಿದ್ದರು.

“ತವರು ಯಾವೂರು?” ಎಂದೆ.

“ಖಾನಾಪುರ” ಎಂದಳು ಅತ್ತೆ.

ಹುಡುಗಿಯ ಮುಖದ ಬಣ್ಣ ಇಳಿಯಿತು. ದಾರಿಯಲ್ಲಿ ಮೊದಲ ಸಲ ತಾನಾಗಿ ಮೆಲ್ಲಗೆ ಮಾತಾಡಿದಳು. “ಖಾನಾಪುರ ಬ್ಯಾಡ್ರಿ ಬಾಯಾರ. ಬ್ಯಾರೆ ಯಾರನರ ಹುಡಕೂಣು.”

“ಈಗ ಹೊಸ ಬಸುರಿ ಹುಡುಕಿದ್ರ ಆಕಿ ಹಡಿಯೂದರಾಗ ನಿನ್ನ ಆರು ತಿಂಗಳು ಮುಗೀತಾವ. ಯಾಕ ಬ್ಯಾಡ?”

ಆಮೇಲೆ ಹೊರಬಂತು. ದವಾಖಾನೆಯಲ್ಲಿ ಕುರ್ಚಿಯ ಮೇಲೆ ಕೂತು ಬರೆಯುವ ಕೆಲಸ ಎಂದು ಮನೆಯಲ್ಲಿ ಹೇಳಿದ್ದಾಳೆ. ಕಂಡವರ ಮನೆಯ ಬಾಣಂತಿ ಕೋಣೆಯಲ್ಲಿ ಕೂರುತ್ತಾಳೆಂದು ಗೊತ್ತಾದರೆ ಭಾವ ಅಂದೇ ಬಂದು ಕರೆದುಕೊಂಡು ಹೋಗುತ್ತಾನೆ. ನನಗೆ ಹಣೆ ಹಣೆ ಚಚ್ಚಿಕೊಳ್ಳಬೇಕೆನ್ನಿಸಿತು. ಇಷ್ಟು ಮಾತಾಡುವವಳು ಹೇಳಬೇಕಾದ ಕಡೆ ಹೇಳಿರಲಿಲ್ಲ.

ಸಂಕ್ರಮಣಕ್ಕೆ ಹತ್ತು ದಿನ ಇರುವಾಗ ಬೆಳಗಿನ ರೈಲಿಗೆ ಹೊರಟೆವು. ನಾನು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡಿದ್ದೆ. ದೇಸೂರಿನವರೆಗೆ ಆಕೆ ರೈಲು ಡಬ್ಬಿಯಲ್ಲಿದ್ದ ಮುದುಕಿಯೊಬ್ಬಳ ಮೊಣಕಾಲಿಗೆ ಔಷಧಿ ಹೇಳಿದಳು. ಖಾನಾಪುರ ಹತ್ತಿರವಾದಂತೆ ಮಾತು ಇಂಗುತ್ತ ಬಂತು. ಸ್ಟೇಷನ್ನಿನಲ್ಲಿ ಇಳಿಯುವಾಗ ಸೆರಗು ಮೂಗಿನವರೆಗೆ ಬಂದಿತ್ತು.

ಕುಂಬಾರರ ಮನೆ ಹೊಳೆಯ ದಾರಿಯಲ್ಲಿ. ಅಂಗಳದ ತುಂಬ ಸುಗಡಗಳು ಒಣಗುತ್ತಿದ್ದವು. ಸಂಕ್ರಮಣಕ್ಕೆ ಮುತ್ತೈದೆಯರು ಕಬ್ಬು, ಕಡಲೆ, ಬಾರಿಹಣ್ಣು ತುಂಬಿ ಬಾಗಿನ ಕೊಡುವ ಅಂಗೈಯಗಲದ ಮಣ್ಣಿನ ಕುಡಿಕೆ ಅವು. ಅವನ್ನು ಕೊಳ್ಳಲು ಊರ ಹೆಂಗಸರೆಲ್ಲ ಅದೇ ಅಂಗಳಕ್ಕೆ ಬರುತ್ತಿದ್ದರು. ಅಡಗಿಕೊಳ್ಳಲು ಬಂದವಳಿಗೆ ಅದಕ್ಕಿಂತ ಕೆಟ್ಟ ಜಾಗ ಆ ಊರಲ್ಲೇ ಇರಲಿಲ್ಲ.

ಬಸುರಿಯ ತಾಯಿ ನಮ್ಮನ್ನು ಒಳಗೆ ಕೂರಿಸಿ, ಗಿರಾಕಿ ಕರೆದಳೆಂದು ಹೊರಗೆ ಓಡಿದಳು. ಕೋಣೆಯಲ್ಲಿ ಉಳಿದವರು ಮೂವರೇ. ಬಸುರಿ ಮಗಳು ಚಾಪೆಯ ಮೇಲೆ, ನಮ್ಮವಳು ಎದುರಿಗೆ, ನಾನು ಗೋಡೆಗೆ. ನಮ್ಮವಳು ವಹಿ ತೆರೆದಳು, ಸೀಸದ ಕಡ್ಡಿ ಹಿಡಿದಳು, ಸುಮ್ಮನೆ ಕೂತಳು.

ನಾನು ಕಾದೆ. ಅಂಗಳದಲ್ಲಿ ಯಾರದೋ ಧ್ವನಿ ಬಂದಾಗಲೆಲ್ಲ ಅವಳ ತಲೆ ಗೋಡೆಯ ಕಡೆ ತಿರುಗುತ್ತಿತ್ತು. ಕೇಳು ಮಾರಾಯತಿ, ಒಂದಾದರೂ ಕೇಳು ಎಂದು ನನ್ನ ಗಂಟಲಲ್ಲೇ ಬಂತು. ಎಂಟು ತಿಂಗಳು ಮುಚ್ಚು ಎಂದರೆ ಮುಚ್ಚದ ಬಾಯಿ ಇವತ್ತೇ ಹೊಲಿದುಹೋಗಬೇಕೆ? ಜಂತಿಗಳನ್ನು ಎಣಿಸಿದೆ. ಏಳು. ಇನ್ನೊಮ್ಮೆ ಎಣಿಸಿದೆ. ಆಗಲೂ ಏಳು.

ಆಗ ಚಾಪೆಯ ಮೇಲಿದ್ದವಳು ತಾನೇ ಬಾಯಿಬಿಟ್ಟಳು. ಮಾತು ಅವಳ ತವರಿನ ಮರಾಠಿಯಲ್ಲಿತ್ತು, ನಾನು ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ.

“ಅಲ್ಲೆ ಒಳಗಿನ ಖೋಲಿ ಅದ ನೋಡ್ರಿ. ಅವ್ವ ನಿನ್ನೆ ಸಾರಿಸ್ಯಾಳ.”

ನಮ್ಮವಳು, “ಹೂಂ” ಎಂದಳು. ಧ್ವನಿ ಹೊರಗೆ ಹೋಗಬಾರದೆಂದು ಅಷ್ಟು ಸಣ್ಣಗೆ.

“ನಮ್ಮ ಅಕ್ಕ ಹಡಿಯಾಕ ಅದ ಖೋಲ್ಯಾಗ ಮಲಗಿದ್ಲು. ಮೂರು ದಿನ ಬ್ಯಾನಿ ತಿಂದ್ಲು. ಮೂರನೇ ದಿನ ಇಬ್ಬರೂ ಹೋದ್ರು.”

“ಹೂಂ.”

“ಅದ ಹೊರಸು. ಅದ ಮೂಲ್ಯಾಗ ಹಾಕ್ಯಾಳ. ಅದನ್ನ ನೆನಿಸಿದ್ರ ತುತ್ತು ಇಳಿಯೂದಿಲ್ಲ. ಅದಕ್ಕ ತಲಿ ತಿರಗತದ. ಬೆಳಗಾಂವಿಯೊಳಗ ಪಿತ್ತ ಅಂದ್ರಲ್ಲ, ಪಿತ್ತ ಅಲ್ಲದು. ಅವ್ವಗ ಹೆಂಗ ಹೇಳ್ಲಿ? ಅಕ್ಕನ ಹೆಸರು ತಗದ್ರ ಆಕಿ ಎರಡು ದಿನ ಏಳೂದಿಲ್ಲ.”

ಸೀಸದ ಕಡ್ಡಿ ಓಡುತ್ತಿತ್ತು. ಪುಟದ ಬಲಗಡೆ ತುಂಬಿ, ಹಾಳೆ ಹೊರಳಿ, ಮುಂದಿನದೂ ಅರ್ಧವಾಯಿತು. ನಾನು ಕೆಮ್ಮಲಿಲ್ಲ.

ಸ್ಟೇಷನ್ನಿನ ಕಟ್ಟೆಯ ಮೇಲೆ ರೊಟ್ಟಿಗಂಟು ಬಿಚ್ಚುತ್ತ ಕೇಳಿದೆ. “ಇಷ್ಟ ಹೊತ್ತು ಹೆಂಗ ಸುಮ್ಮ ಕುಂತಿ?”

“ಹೆದರಿಕಿ ಬಾಯಾರ. ನಾ ಬಾಯಿ ತಗದ್ರ ಅಂಗಳಕ್ಕ ಕೇಳತದ. ನಮ್ಮ ಭಾವನ ಹೆಂಡತಿ ಬಂದಿದ್ರ? ಆಕಿ ಕಿವಿ ಭಾಳ ಚುರುಕು.”

ಎಂಟು ತಿಂಗಳಲ್ಲಿ ನಾನು ಕಲಿಸಲಾರದ್ದನ್ನು ಭಾವನ ಹೆಂಡತಿ ಕಣ್ಣಿಗೂ ಬೀಳದೆ ಕಲಿಸಿದ್ದಳು. ಕಲಿಸಿದ್ದಳೇ? ಅಂಜಿ ಬಾಯಿ ಮುಚ್ಚಿದ್ದನ್ನು ಕಲಿತದ್ದು ಎನ್ನಬಹುದೇ? ಅಂಜಿಕೆ ಹೋದ ದಿನ ಮತ್ತೆ ಬುದ್ಧಿ ಹೇಳಲು ಕೂತರೆ? ಆಕೆ ವಹಿ ಮುಂದೆ ಹಿಡಿದಳು.

“ಸಹಿ?”

“ಇವತ್ತಲ್ಲ. ಮುಂದಿನ ಸಲ ನೋಡೂಣು.”

“ಬಲಗಡೆ ತುಂಬೇತಲ್ರಿ! ಇನ್ನೇನ ಮಾಡಬೇಕು ನಾ?”

ದೇಸೂರು ದಾಟುವವರೆಗೆ ಅತ್ತಳು. ನನ್ನದೂ ಮನಸ್ಸು ಕರಗಿತ್ತು, ಆದರೆ ‘ನಿಮ್ಮ ಸಹೀನೂ ಹಗುರಾಗೇತಿ’ ಎಂಬ ಮಾತು ಕಿವಿಯಲ್ಲೇ ಇತ್ತು.

ಸಂಕ್ರಮಣಕ್ಕೆ ಮೂರು ದಿನ ಇರುವಾಗ ಮತ್ತೆ ಹೋದೆವು. ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ, ಅಷ್ಟು ಹೆಂಗಸರು. ಆ ದಿನ ತಾಯಿಯೂ ಒಳಗೆ ಬಂದು ಮಗಳ ಬಾಜು ಕೂತಳು. ನಮ್ಮವಳು ವಹಿ ತೆರೆದು, ಮಗಳಿಗೆ ಮೆಲ್ಲಗೆ, “ಹೋದ ಸಲ ನನಗ ಹೇಳಿದ್ದು ಅವ್ವಗ ಹೇಳ್ತೀರೇನು? ನಾ ಇಲ್ಲೇ ಕುಂತಿರತೀನಿ” ಎಂದಳು. ನನ್ನ ಬೆನ್ನು ಗೋಡೆ ಬಿಟ್ಟು ನೆಟ್ಟಗಾಯಿತು. ಇದು ಕೇಳುವ ಮಾತು.

ಮಗಳು ಉಸಿರು ಎಳೆದುಕೊಂಡಳು. ಅದೇ ಹೊತ್ತಿಗೆ ಬಾಗಿಲು ಕತ್ತಲಾಯಿತು. ದಪ್ಪನೆಯ ಹೆಂಗಸೊಬ್ಬಳು, ಎರಡೂ ಕೈಯಲ್ಲಿ ಸುಗಡ ಹಿಡಿದವಳು, ಕೊಂಡದ್ದರಲ್ಲಿ ಒಂದರ ಬಾಯಿ ಒಡೆದಿತ್ತೆಂದು ಬದಲಿ ಕೇಳಲು ಒಳಗೇ ಬಂದಿದ್ದಳು.

“ಅಯ್ಯ! ಇಕಿ ನಮ್ಮಾಕಿ ಅಲ್ಲ?”

ಭಾವನ ಹೆಂಡತಿ. ನಮ್ಮವಳ ಕೈಯಲ್ಲಿನ ಸೀಸದ ಕಡ್ಡಿ ನಿಂತಿತು.

“ಕುರ್ಚಿ ಮ್ಯಾಲ ಕುಂತು ಬರೀತೀನಿ ಅಂತಿದ್ದಿ? ಇದೇನ ಕುರ್ಚಿ? ಕುಂಬಾರರ ಬಾಣಂತಿ ಖೋಲ್ಯಾಗ ಕುಂತು ಮನಿ ಹೆಸರು ಉದ್ಧಾರ ಮಾಡಾಕಹತ್ತಿ ಏನ? ಏಳು ಮ್ಯಾಲ!”

ನಮ್ಮವಳು ಸೆರಗು ಹಿಂದಕ್ಕೆ ಸರಿಸಿ ಮುಖ ತೋರಿಸಿದಳು. “ಹೌದು ಅಕ್ಕಾ, ನಾನ. ಕೆಲಸದಾಗ ಇದ್ದೀನಿ. ಅಂಗಳದಾಗ ಕುಂದರ್ರಿ, ಮುಗಿಸಿ ಬರ್ತೀನಿ.”

“ಕೆಲಸಂತ ಕೆಲಸ! ನಿನ್ನ ಬಾಯಿಗೆ ಎಲ್ಲೆ ಹೋದ್ರೂ ಒಂದು ಮನಿ ಬೇಕು ನೋಡು.”

ಈ ಹುಡುಗಿಯ ಹೊಟ್ಟೆಯಲ್ಲಿ ಅದಕ್ಕೆ ಎಷ್ಟು ಉತ್ತರಗಳಿದ್ದವೋ ನನಗೆ ಗೊತ್ತು, ಎಂಟು ತಿಂಗಳು ಕೇಳಿದವಳು ನಾನು. ಕುತ್ತಿಗೆಯ ನರ ಉಬ್ಬಿತ್ತು. ಅಡಗಲು ಇನ್ನೇನೂ ಉಳಿದಿರಲಿಲ್ಲ, ಬಾಯಿ ಮುಚ್ಚಿಕೊಳ್ಳಲು ಕಾರಣವೇ ಇರಲಿಲ್ಲ. ಆಕೆ ಮಾತ್ರ ಚಾಪೆಯ ಮೇಲಿನವಳ ಕಡೆ ಹೊರಳಿ, ಅವಳ ಮುಖವನ್ನೇ ನೋಡುತ್ತ, ಸುಮ್ಮನೆ ಕಾದಳು. ಭಾವನ ಹೆಂಡತಿ ಇನ್ನೂ ಎರಡು ಮಾತು ಒಗೆದಳು. ಯಾರೂ ಹಿಡಿಯಲಿಲ್ಲ. ಬೈಗುಳಕ್ಕೆ ಉತ್ತರ ಬರದಿದ್ದರೆ ಬೈಯುವವರಿಗೆ ಕಾಲು ನಿಲ್ಲುವುದಿಲ್ಲ. ತಾನಾಗಿ ಅಂಗಳಕ್ಕೆ ಹೋದಳು.

ಆಗ ಮಗಳು ತಾಯಿಗೆ ಹೇಳಿದಳು. ಎಲ್ಲವನ್ನೂ, ಅಕ್ಕನ ಹೆಸರು ಹಿಡಿದೇ. ತಾಯಿ ಅಳುತ್ತ ಎದೆ ಬಡಿದುಕೊಂಡಳು. “ನನಗೇನು ಆ ಖೋಲಿ ಬೇಕಾಗಿತ್ತೇನ ನನ್ನವ್ವಾ? ಸಾರಿಸುವಾಗ ಕೈ ಏಳಲಿಲ್ಲ ನಂದು. ಹಡಿಯಾಕಂತ ಇರೂದ ಅದೊಂದ ಖೋಲಿ. ನೀ ಅಂಜತಿ ಅಂತ ನಾ ಬಾಯಿ ಬಿಡಲಿಲ್ಲ!”

ಹೊರಗೆ ತಿಗರಿಯ ಮುಂದೆ ಕೂತಿದ್ದ ಅಪ್ಪನಿಗೆ ಅದು ಕೇಳಿಸಿತು. ಮುದುಕ ಎದ್ದು, ಬಾಜುವಿನ ಗಡಿಗೆ ಒಟ್ಟುವ ಚಪ್ಪರದ ಕೋಣೆಯಿಂದ ಗಡಿಗೆ ಹೊರಗೆ ತಂದಿಡತೊಡಗಿದ. ಸುಗಡ ಕೊಳ್ಳಲು ಬಂದಿದ್ದ ಇಬ್ಬರು ಹೆಂಗಸರೂ ಕೈಹಚ್ಚಿದರು. ಆ ಸಂಜೆಯೊಳಗೆ ಅಲ್ಲಿ ಗಾಳಿ ಬೆಳಕಿನ ಒಂದು ಹೆರಿಗೆ ಕೋಣೆಯಾಯಿತು. ಬುದ್ಧಿ ಯಾರೂ ಹೇಳಿರಲಿಲ್ಲ.

ನಾನು ವಹಿ ತೆಗೆದುಕೊಂಡು ಮೊಣಕಾಲಿನ ಮೇಲೆ ಇಟ್ಟು ಎರಡೂ ದಿನದ ಪುಟಗಳಿಗೆ ಸಹಿ ಹಾಕಿದೆ.

ಅಂಗಳದಲ್ಲಿ ಭಾವನ ಹೆಂಡತಿ ಕಾಯುತ್ತಿದ್ದಳು. “ಮನ್ಯಾಗ ಹೇಳ್ಲೇನು?”

“ಹೇಳ್ರಿ ಅಕ್ಕಾ. ನಾನ ಮೊದಲ ಹೇಳಬೇಕಾಗಿತ್ತು.”

ಹೇಳಿದ್ದಳು. ನಾಲ್ಕೇ ದಿನಕ್ಕೆ ಭಾವನ ಕಾಗದ ದವಾಖಾನೆಗೆ ಬಂತು. ಡಾಕ್ಟರಬಾಯಿ ಓದಿ, “ಪಾಸಾಗಲಿಲ್ಲಂದ್ರ ಕರಕೊಂಡ ಹೋಗತೀನಿ ಅಂತ ಅವರದ ಮಾತು. ಪಾಸೋ ನಪಾಸೋ ಆಗೂತನಾ ತಡೀಲಿ” ಎಂದು ಹಾಗೆಯೇ ಉತ್ತರ ಬರೆಸಿದರು. ಹೆರಿಗೆಗೆ ಎರಡು ದಿನ ಮೊದಲೇ ನಾವು ಹೋಗಿ ಕುಂಬಾರರ ಪಡಸಾಲೆಯಲ್ಲಿ ಉಳಿದೆವು, ನನ್ನ ಅಕ್ಕಿ, ನನ್ನ ಪಾತ್ರೆ ಕಟ್ಟಿಕೊಂಡು. ಮಧ್ಯಾಹ್ನದ ಬಿಸಿಲು ಚಪ್ಪರದ ಸಂದಿಯಿಂದ ಬೀಳುವ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು. ಅಜ್ಜಿ ಅದಕ್ಕೆ ದೊಡ್ಡ ಮಗಳ ಹೆಸರಿಟ್ಟಳು.

ಬಾಣಂತನದ ಭೇಟಿಗಳೂ ಮುಗಿದು ವಹಿ ಡಾಕ್ಟರಬಾಯಿಯವರ ಮೇಜಿಗೆ ಹೋಯಿತು. ಅವರು ಓದಿದರು. ತಿರುವಿದರು. ಮತ್ತೆ ಹಿಂದಕ್ಕೆ ತಿರುವಿದರು.

“ಎಡಗಡೆ ಖಾಲಿ ಅದಲ್ಲ? ಖಾನಾಪುರದಾಗ ಮೊದಲನೇ ದಿನ ಇಕಿ ಏನ ಕೇಳಿದ್ಲು?”

ನನಗೆ ತಡೆಯಲಾಗಲಿಲ್ಲ. “ಬಾಯೀಸಾಹೇಬ್ರ, ಎಂಟು ತಿಂಗಳು ಎಡಗಡೆ ತುಂಬೇತಿ ಅಂತ ಬೈದ್ರಿ. ಈಗ ಖಾಲಿ ಅದ ಅಂತೀರಿ.”

“ರೂಲು ರೂಲರಿ ಬಾಯಾರ. ಖಾಲಿ ಇದ್ರ ಪರೀಕ್ಷಾದವರು ಒಪ್ಪೂದಿಲ್ಲ. ಏನ ಅಂದಿಯೋ ಅದನ್ನ ಬರಿ” ಎಂದು ಅವಳ ಕಡೆ ವಹಿ ತಳ್ಳಿದರು.

ಹುಡುಗಿ ಸೀಸದ ಕಡ್ಡಿ ತೆಗೆದಳು. ಆಮೇಲೆ ಗೆರೆಯ ಎಡಗಡೆ, ಬಲಗಡೆಯ ಮಾತಿನ ಎದುರಿಗೆ ಸರಿಯಾಗಿ, ಮೇಲಿಂದ ಕೆಳಗೆ ಬರೆದಳು: ಹೂಂ ಅಂದೆ. ಹೂಂ ಅಂದೆ. ಹೂಂ ಅಂದೆ.

ಡಾಕ್ಟರಬಾಯಿ ಅದನ್ನು ನೋಡಿದರು, ನನ್ನನ್ನು ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು. ಸಹಿ ಹಾಕಿ ಹೆಸರು ಪರೀಕ್ಷೆಗೆ ಕಳಿಸಿದರು. ಪಾಸಾದಳು. ಭಾವ ತನ್ನ ಮಾತಿಗೆ ತಾನೇ ಸಿಕ್ಕಿಬಿದ್ದು ಸುಮ್ಮನಾದ.

ಪರೀಕ್ಷೆಯ ಸುದ್ದಿ ಬಂದ ದಿನ ಇಬ್ಬರೂ ಟಾಂಗಾ ಮಾಡಿಕೊಂಡು ಮನೆಗೆ ಹೊರಟೆವು. ಹೊತ್ತು ಮುಳುಗಲು ಇನ್ನೂ ಗಳಿಗೆ ಇತ್ತು, ಒಲೆಯ ಮೇಲೆ ಪಲ್ಯ ಮಾಡಿಟ್ಟು ಬಂದಿದ್ದೆ. ಕೋಟೆಯ ಕಂದಕದ ಹತ್ತಿರ ಬಂದಾಗ ಆಕೆ ಮುಂದಕ್ಕೆ ಬಾಗಿ ಟಾಂಗಾದವನಿಗೆ, “ನಿಮ್ಮ ಕುದರಿ ಹಿಂದಿನ ಎಡಗಾಲು ಎಳೀತದ ನೋಡ್ರಿ. ಲಾಳ ಸಡಲಾಗಿರಬೇಕು. ನಿಲ್ಲಸ್ರಿ, ನಿಲ್ಲಸ್ರಿ, ನಾ ಹೇಳ್ತೀನಿ” ಎಂದಳು. ಆ ಪುಣ್ಯಾತ್ಮ ನಿಲ್ಲಿಸಿಯೇಬಿಟ್ಟ. ಇಬ್ಬರೂ ಇಳಿದು ಕುದುರೆಯ ಕಾಲು ಎತ್ತಿ ಹಿಡಿದುಕೊಂಡು ಮಾತಿಗೆ ನಿಂತರು.

ನಾನು ಟಾಂಗಾದಲ್ಲಿ ಕೂತು ಪಡುವಣದ ಕಡೆ ನೋಡಿದೆ. ಕೆಮ್ಮಿದೆ. ಆಕೆ ತಿರುಗಿ, “ಬಾಯಾರ, ಐದ ನಿಮಿಷ” ಎಂದಳು.

ಆ ಸಂಜೆಯೂ ರೊಟ್ಟಿ ಬುಟ್ಟಿಯ ಮುಚ್ಚಳ ತೆಗೆಯಲಿಲ್ಲ.